ಬಯೋಟೆಕ್ ಓದಿದವಳು 90 ಸಾವಿರ ಕೊಟ್ಟು ಡೇಟಾ ಕೋರ್ಸ್ ಸೇರಲಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಕಡೆಯವಳು. ಬಿಎಸ್ಸಿ ಕೊನೆಯ ವರ್ಷ, ಬಯೋಟೆಕ್ನಾಲಜಿ ಮತ್ತು ಕೆಮಿಸ್ಟ್ರಿ. ಪಿಯುಸಿಯಲ್ಲಿ ಗಣಿತ ಇತ್ತು, ಹೇಗೋ ಪಾಸಾದೆ ಅಷ್ಟೇ. ಹೋದ ತಿಂಗಳು ನಮ್ಮ ಕಾಲೇಜಿಗೆ ಬೆಂಗಳೂರಿನ ಒಂದು ಸಂಸ್ಥೆಯವರು ಬಂದಿದ್ದರು. ನಮ್ಮ ಕಾಲೇಜಿನ ಜೊತೆ ಎಂಒಯು (ಒಪ್ಪಂದ) ಮಾಡಿಕೊಂಡಿದ್ದಾರಂತೆ. ಲೈಫ್ ಸೈನ್ಸ್ ಡೇಟಾ ಅಂತ ಆರು ತಿಂಗಳ ಕೋರ್ಸ್, 90 ಸಾವಿರ ಫೀಸು. ಲೈವ್ ಪ್ರಾಜೆಕ್ಟ್ ಇದೆ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತಾರೆ. ಸ್ಲೈಡ್ ತುಂಬ ದೊಡ್ಡ ದೊಡ್ಡ ಕಂಪನಿಗಳ ಲೋಗೋ ಇತ್ತು. ಅಪ್ಪ ಚೀಟಿ ಎತ್ತಿ ದುಡ್ಡು ಕೊಡ್ತೀನಿ ಅಂತಿದ್ದಾರೆ. ಸೇರಲಾ, ಇಲ್ಲಾ ಎಂಎಸ್ಸಿಗೆ ಹೋಗಲಾ? ಬಯಾಲಜಿ ಓದಿದವರಿಗೆ ಡೇಟಾ ಕೆಲಸ ನಿಜವಾಗಲೂ ಸಿಗುತ್ತಾ?

ಉತ್ತರ: ಮೊದಲು ಅಪ್ಪನಿಗೆ ಹೇಳಿಬಿಡಿ, ಈ ತಿಂಗಳು ಚೀಟಿ ಕೂಗುವುದು ಬೇಡ ಅಂತ. ಆ ಕೋರ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದನ್ನು ನಾನು ನೋಡಿಯೂ ಇಲ್ಲ. ಆದರೆ ಅವರನ್ನು ನೀವು ಕೇಳಬೇಕಾದ ಕೆಲವು ಮಾತುಗಳಿವೆ. ಅದಕ್ಕೆ ನೆಟ್ಟಗೆ ಉತ್ತರ ಬರುವವರೆಗೆ ದುಡ್ಡು ಮನೆಯಲ್ಲೇ ಇರಲಿ.

ನಿಮ್ಮ ಕೊನೆಯ ಪ್ರಶ್ನೆ ಮೊದಲು. ಬಯಾಲಜಿ ಓದಿದವರಿಗೆ ಡೇಟಾ ಕೆಲಸ ಸಿಗುತ್ತಾ? ಸಿಗುತ್ತದೆ. ನಾನೇ ಎಂಎಸ್ಸಿ ಝೂವಾಲಜಿ. ಕಂಪ್ಯೂಟರ್ ಲ್ಯಾಬಿಗಿಂತ ಕಪ್ಪೆ ಕೊಯ್ಯುವ ಲ್ಯಾಬಿನಲ್ಲೇ ಜಾಸ್ತಿ ಹೊತ್ತು ಕಳೆದವಳು. ಹದಿನೆಂಟು ವರ್ಷದಿಂದ ಔಷಧಿ ಪ್ರಯೋಗಗಳ ಡೇಟಾ, ಜೀನೋಮ್ (ಅಂದರೆ ಒಂದು ಜೀವಿಯ ಪೂರ್ತಿ ಡಿಎನ್‌ಎ) ಡೇಟಾ ಇವೆರಡರ ನಡುವೆ ಓಡಾಡಿಕೊಂಡಿದ್ದೇನೆ. ಈಗ ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಇಂಟರ್‌ವ್ಯೂ ಮೇಜಿನ ಈ ಕಡೆ ಕೂರುತ್ತೇನೆ.

ಅಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ನಾನು ಒಂದು ಸಣ್ಣ ಟೇಬಲ್ ಕೊಡುತ್ತೇನೆ. ರೋಗಿಗಳ ಪಟ್ಟಿ, ಪಕ್ಕದಲ್ಲಿ ಊಟಕ್ಕೆ ಮುಂಚಿನ ಶುಗರ್. 110, 126, 98, ಆಮೇಲೆ 6.1, 5.4, ಮತ್ತೆ 104. ಇದರಲ್ಲಿ ಏನು ತಪ್ಪಿದೆ ಹೇಳಿ ಅಂತ ಕೇಳುತ್ತೇನೆ. ಬರೀ ಕೋಡಿಂಗ್ ಕಲಿತು ಬಂದ ಹುಡುಗ 6.1 ಮತ್ತು 5.4 ಬೇರೆಯವಕ್ಕಿಂತ ತುಂಬ ಸಣ್ಣವು, ತೆಗೆದುಹಾಕೋಣ ಅಂತಾನೆ. ಎರಡು ಸಾಲು ಕೋಡ್ ಬರೆದು ತೆಗೆದೂ ಬಿಡುತ್ತಾನೆ. ಬಯಾಲಜಿಯಿಂದ ಬಂದ ಹುಡುಗಿ ಸ್ವಲ್ಪ ಹೊತ್ತು ನೋಡುತ್ತಾಳೆ. ಶುಗರ್ 6 ಇದ್ದರೆ ಆ ಮನುಷ್ಯ ಟೇಬಲ್ಲಿನಲ್ಲಿ ಇರಲ್ಲ ಮೇಡಂ, ಐಸಿಯುನಲ್ಲಿರ್ತಾನೆ ಅಂತಾಳೆ. ಆಮೇಲೆ, ಇದು ಬೇರೆ ಅಳತೆ ಇರಬೇಕು ಅಂತ ಹೊಳೆಯುತ್ತದೆ. ಹೌದು. ನಮ್ಮಲ್ಲಿ ಶುಗರ್ ಮಿಲಿಗ್ರಾಂನಲ್ಲಿ ಬರೆಯುತ್ತಾರೆ, ಬ್ರಿಟನ್‌ನಲ್ಲಿ ಮಿಲಿಮೋಲ್‌ನಲ್ಲಿ. 6.1ನ್ನು 18ರಿಂದ ಗುಣಿಸಿದರೆ ಹತ್ತಿರ ಹತ್ತಿರ 110. ಯಾರ ಅಳತೆಯೂ ತಪ್ಪಾಗಿರಲಿಲ್ಲ. ಎರಡು ದೇಶದ ಆಸ್ಪತ್ರೆಗಳ ಡೇಟಾ ಒಂದೇ ಕಾಲಮ್ಮಿಗೆ ಬಂದು ಬಿದ್ದಿತ್ತು, ಅಷ್ಟೇ. ಹುಡುಗ ತೆಗೆದುಹಾಕಿದ್ದು ಇಬ್ಬರು ನಿಜವಾದ ರೋಗಿಗಳನ್ನು.

ಇನ್ನೊಂದು, ಇದನ್ನು ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಎಕ್ಸೆಲ್ ತೆಗೆದು ಇಂಗ್ಲಿಷಿನಲ್ಲಿ ಸೆಪ್ಟ್2 ಅಂತ ಟೈಪ್ ಮಾಡಿ, ನಾಲ್ಕು ಅಕ್ಷರ, ಒಂದು ಅಂಕಿ, ನಡುವೆ ಜಾಗ ಬೇಡ. ಎಂಟರ್ ಒತ್ತಿದ ತಕ್ಷಣ ಅದು ಸೆಪ್ಟೆಂಬರ್ 2 ಆಗಿಬಿಡುತ್ತದೆ. ಪಾಪ, ಅದು ತಾರೀಖಲ್ಲ, ಒಂದು ಜೀನಿನ ಹೆಸರು. ಮಾರ್ಚ್1 ಅಂತ ಇನ್ನೊಂದು ಜೀನ್ ಇತ್ತು, ಅದರದ್ದೂ ಇದೇ ಗತಿ. 2016ರಲ್ಲಿ ಕೆಲವರು ಕೂತು, ಎಕ್ಸೆಲ್ ಪಟ್ಟಿ ಜೊತೆಗಿಟ್ಟ ಜೀನೋಮ್ ಪ್ರಬಂಧಗಳನ್ನು ಜಾಲಾಡಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಈ ಥರ ಹಾಳಾದ ಹೆಸರುಗಳು ಸಿಕ್ಕವು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು ಹೆಸರು ಬದಲಾಯಿಸಿತು, ಸೆಪ್ಟ್ ಹೋಗಿ ಸೆಪ್ಟಿನ್ ಆಯ್ತು. ಎಕ್ಸೆಲ್‌ನವರು ಇದನ್ನು ಆಫ್ ಮಾಡುವ ಬಟನ್ ಕೊಟ್ಟಿದ್ದು 2023ರಲ್ಲಿ. ಇಡೀ ವಿಜ್ಞಾನ ಲೋಕ ಒಂದು ಸ್ಪ್ರೆಡ್‌ಶೀಟಿಗೆ ತಲೆಬಾಗಿದ ಕತೆ ಇದು, ನನಗೆ ಪ್ರತಿ ಸಲವೂ ನಗು ಬರುತ್ತದೆ.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ನೀವು ಮೂರು ವರ್ಷ ಓದಿದ್ದು ವ್ಯರ್ಥ ಅಲ್ಲ. ಈ ಕೆಲಸದಲ್ಲಿ ಡೇಟಾ ಸುಳ್ಳು ಹೇಳುತ್ತಿದೆ ಅಂತ ಹಿಡಿಯುವವರು ಬೇಕು. ಅದಕ್ಕೆ ಜೀವ ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು. ಆದರೆ ಅದಷ್ಟೇ ಸಾಲದು, ಆ ಎರಡು ಸಾಲು ಕೋಡೂ ಬರಬೇಕು. ಎರಡೂ ಬರುವವರು ಕಡಿಮೆ. ಹಾಗಾಗಿಯೇ ಕಂಪನಿ, ಕಾಲೇಜು, ಸರ್ಕಾರ ಸೇರಿಕೊಂಡು ಇಂಥವರನ್ನು ತಯಾರು ಮಾಡೋಣ ಅಂತ ಹೊರಟಿದ್ದು. ಅದೇ ಕಾರಣಕ್ಕೆ, ಸೇರಿಕೊಂಡಿದ್ದೇವೆ ಅಂತ ಬೋರ್ಡ್ ಮಾತ್ರ ಹಾಕಿಕೊಳ್ಳುವವರೂ ಹುಟ್ಟಿಕೊಂಡರು.

ಈ ಬೋರ್ಡಿನ ವಿಷಯ ನನಗೆ ಅನುಭವದಿಂದ ಗೊತ್ತು. ಕೆಲವು ವರ್ಷದ ಹಿಂದೆ ಒಂದು ಕಾಲೇಜು ನಾನಾಗ ಇದ್ದ ಕಂಪನಿ ಜೊತೆ ಎಂಒಯು ಮಾಡಿಕೊಂಡಿತು. ಸಹಿ ಹಾಕಲು ನನ್ನನ್ನೇ ಕಳಿಸಿದರು. ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ಪೇಪರಿನಲ್ಲೂ ಬಂತು. ಆಮೇಲೆ ಮೂರು ವರ್ಷ ಯಾರೂ ಒಂದು ಫೋನ್ ಮಾಡಲಿಲ್ಲ. ನಾವೂ ಮಾಡಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಅವರಿಗೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸಲು ಒಂದು ಫೈಲ್ ಬೇಕಿತ್ತು, ನಮ್ಮವರಿಗೆ ವರ್ಷದ ಕೊನೆಯ ವರದಿಗೆ ಒಂದು ಸಾಲು. ಆ ಕಾಲೇಜಿನ ವೆಬ್‌ಸೈಟಿನಲ್ಲಿ ನಮ್ಮ ಲೋಗೋ ಮಾತ್ರ ಇವತ್ತಿಗೂ ಇದೆ. ಅದನ್ನು ನೋಡಿ ಎಷ್ಟು ಮಕ್ಕಳು ಅಡ್ಮಿಷನ್ ಮಾಡಿಸಿದರೋ ಏನೋ.

ಹಾಗಾಗಿ ಸ್ಲೈಡಿನಲ್ಲಿ ಎಷ್ಟು ಲೋಗೋ ಇದ್ದವು ಅನ್ನುವುದನ್ನು ಮರೆತುಬಿಡಿ. ಒಂದೇ ವಿಷಯ ನೋಡಿ: ಈ ಒಪ್ಪಂದಕ್ಕೆ ಕಂಪನಿ ತನ್ನ ಕೈಯಿಂದ ಏನು ಹಾಕಿದೆ? ದುಡ್ಡು ಹಾಕಿದೆಯಾ, ತನ್ನ ಕೆಲಸಗಾರರ ಹೊತ್ತು ಕೊಟ್ಟಿದೆಯಾ, ತನ್ನ ಗೇಟಿನ ಒಳಗೆ ನಿಮ್ಮನ್ನು ಬಿಡುತ್ತದೆಯಾ? ಹೆಸರು ಬಿಟ್ಟು ಬೇರೇನೂ ಹಾಕಿಲ್ಲ ಅಂದರೆ ಆ ಎಂಒಯು ಶಾಲು-ಹಾರಕ್ಕೇ ಮುಗಿಯಿತು ಅಂತ ಲೆಕ್ಕ.

ನಮ್ಮ ರಾಜ್ಯದ್ದೇ ಕೆಲವು ಉದಾಹರಣೆ ಕೊಡುತ್ತೇನೆ. 2000ದ ಜೂನ್‌ನಲ್ಲಿ ಮನುಷ್ಯನ ಜೀನೋಮ್‌ನ ಮೊದಲ ಕರಡು ಸಿದ್ಧವಾಯಿತು ಅಂತ ಪ್ರಪಂಚಕ್ಕೆಲ್ಲ ಸುದ್ದಿಯಾಯಿತು. ಮುನ್ನೂರು ಕೋಟಿ ಅಕ್ಷರ. ಅದನ್ನು ಓದುವುದು ಹೇಗೆ? ಅದೇ ವರ್ಷ ಐಐಎಸ್ಸಿಯ ನಾಲ್ವರು ಪ್ರೊಫೆಸರ್‌ಗಳು, ವಿಜಯ್ ಚಂದ್ರು, ರಮೇಶ್ ಹರಿಹರನ್, ಸ್ವಾಮಿ ಮನೋಹರ್, ವಿ. ವಿನಯ್, ಸ್ಟ್ರಾಂಡ್ ಅನ್ನುವ ಕಂಪನಿ ಶುರು ಮಾಡಿದರು. ನಾಲ್ವರೂ ಕಂಪ್ಯೂಟರ್ ಕಡೆಯವರು. ಗಣಿತ ಅವರಿಗೆ ನೀರು ಕುಡಿದಷ್ಟು ಸಲೀಸು, ಆದರೆ ಜೀನುಗಳ ಲೆಕ್ಕ ಅಂದಮೇಲೆ ಪಕ್ಕದಲ್ಲಿ ಬಯಾಲಜಿಯವರು ಕೂರಲೇಬೇಕಲ್ವಾ? ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನವರಿಗೆ ಬರವಿರಲಿಲ್ಲ, ಬಯಾಲಜಿಯವರಿಗೂ ಬರವಿರಲಿಲ್ಲ, ಇಬ್ಬರ ಭಾಷೆಯೂ ಬರುವವರು ಮಾತ್ರ ಇರಲಿಲ್ಲ. ಮರುವರ್ಷ, 2001ರಲ್ಲಿ, ರಾಜ್ಯ ಸರ್ಕಾರದ ಬೆಂಬಲದಲ್ಲಿ ಐಬಿಎಬಿ (ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಅಂಡ್ ಅಪ್ಲೈಡ್ ಬಯೋಟೆಕ್ನಾಲಜಿ) ಅಂತ ಸಂಸ್ಥೆ ಬಂತು. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಅಲ್ಲಿ ಬಿಗ್ ಡೇಟಾ ಬಯಾಲಜಿ ಅಂತಲೇ ಕೋರ್ಸ್ ಇದೆ, ನಿಮ್ಮಂಥ ಲೈಫ್ ಸೈನ್ಸ್ ಹಿನ್ನೆಲೆಯವರು ಅಲ್ಲಿ ಅರ್ಜಿ ಹಾಕುತ್ತಾರೆ. ಸೀಟು ಕಡಿಮೆ, ಪ್ರವೇಶಕ್ಕೆ ಓದಿಕೊಂಡು ಹೋಗಬೇಕು. ಆದರೆ ನಾನು ಮೊದಲು ನೋಡಿ ಅಂತ ಹೇಳುವ ಜಾಗ ಅದೇ.

ಬಯೋಕಾನ್ ಅಕಾಡೆಮಿ ಇನ್ನೊಂದು ಥರ. ಅಲ್ಲಿ ಕಂಪನಿಯೇ ಶಾಲೆ ತೆಗೆದಿದೆ, ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ಸಿಎಸ್‌ಆರ್ ಹಣ ಹಾಕಿದೆ, ಪಾಠಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಜೊತೆ ಕೈಜೋಡಿಸಿದೆ. ಹೋದ ದಶಕದಿಂದ ನಡೆಯುತ್ತಿದೆ. ಅದು ಡೇಟಾಕ್ಕಿಂತ ಹೆಚ್ಚಾಗಿ ಔಷಧಿ ತಯಾರಿಕೆ, ಗುಣಮಟ್ಟ ನೋಡುವ ಕೆಲಸಗಳ ಕಡೆ ವಾಲುತ್ತದೆ. ಆದರೂ ಯಾಕೆ ಹೇಳಿದೆ ಅಂದರೆ, ಇಲ್ಲಿ ಕಂಪನಿ ಕೈಯಿಂದ ಏನು ಹಾಕಿದೆ ಅಂತ ಕೇಳಿದರೆ ಬೆರಳು ಮಾಡಿ ತೋರಿಸಬಹುದು.

ಮೂರನೆಯದು ಸರ್ಕಾರದ್ದು, ಬೈಸೆಪ್ ಅಂತಾರೆ. ರಾಜ್ಯದ ಐಟಿ-ಬಿಟಿ ಇಲಾಖೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ನಡೆಸುವ ಪಿಜಿ ಡಿಪ್ಲೊಮಾ. ಮೊದಲು ಇದನ್ನು ಬಯೋಟೆಕ್ ಫಿನಿಶಿಂಗ್ ಸ್ಕೂಲ್ ಅನ್ನುತ್ತಿದ್ದರು. ಆಯ್ದ ಕಾಲೇಜುಗಳಲ್ಲಿ ಪಾಠ, ಆಮೇಲೆ ಕಂಪನಿಯಲ್ಲಿ ಇಂಟರ್ನ್‌ಶಿಪ್, ಕೈಗೆ ಸ್ಟೈಪೆಂಡ್. ನೋಡಿ, ಇಲ್ಲಿ ನಿಮಗೇ ತಿಂಗಳಿಗಿಷ್ಟು ಅಂತ ಬರುತ್ತದೆ. ಒಂದೇ ತೊಂದರೆ, ಪ್ರಕಟಣೆ ಯಾವಾಗ ಬರುತ್ತದೆ, ಬಿಎಸ್ಸಿಯವರು ಅರ್ಜಿ ಹಾಕಬಹುದಾ, ಆ ವರ್ಷ ಯಾವ ಕಾಲೇಜಿನಲ್ಲಿ ಯಾವ ವಿಷಯ ಅಂತ ಇಲಾಖೆಯ ವೆಬ್‌ಸೈಟ್ ನೋಡಿಕೊಂಡೇ ಇರಬೇಕು. ನಮ್ಮ ಜಿಲ್ಲೆಗಳ ಮಕ್ಕಳಿಗೆ ಸುದ್ದಿ ತಲುಪುವ ಹೊತ್ತಿಗೆ ಕೊನೆಯ ತಾರೀಖು ಮುಗಿದಿರುತ್ತದೆ. ಖಾಸಗಿಯವರು ನಿಮ್ಮ ಕ್ಲಾಸಿಗೇ ಪ್ರೊಜೆಕ್ಟರ್ ಹೊತ್ತು ಬರುತ್ತಾರೆ, ಸರ್ಕಾರದ್ದು ಒಂದು ಪಿಡಿಎಫ್ ಆಗಿ ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ.

ಇದರ ಜೊತೆ ಇನ್ನೊಂದನ್ನೂ ಕಣ್ಣಿಟ್ಟು ನೋಡಿ. ಕೇಂದ್ರದ ಅಪ್ರೆಂಟಿಸ್ ಯೋಜನೆ, ನ್ಯಾಟ್ಸ್ ಅಂತ ಪೋರ್ಟಲ್ ಇದೆ. ಅದು ಬರೀ ಎಂಜಿನಿಯರಿಂಗ್‌ನವರಿಗೆ ಅಂತ ಸುಮಾರು ಜನ ತಿಳಿದಿದ್ದಾರೆ, ಬಿಎಸ್ಸಿಯವರಿಗೂ ಇದೆ. ಕನಿಷ್ಠ ಸ್ಟೈಪೆಂಡಿನ ಅರ್ಧ ಸರ್ಕಾರ ಕೊಡುತ್ತದೆ, ಉಳಿದದ್ದು ಕಂಪನಿ. ಒಂದು ವರ್ಷ ಒಳಗೆ ಕೂತು ಕೆಲಸ ಮಾಡಿದ ಪತ್ರ ಆರು ತಿಂಗಳ ಸರ್ಟಿಫಿಕೇಟಿಗಿಂತ ನನ್ನ ಮೇಜಿನ ಮೇಲೆ ಭಾರ ಜಾಸ್ತಿ.

ಒಂದು ದೊಡ್ಡ ಕೆಲಸಕ್ಕೆ ಎಷ್ಟು ಜನ ಕೈ ಸೇರಿಸಬೇಕಾಗುತ್ತದೆ ಅನ್ನುವುದಕ್ಕೆ ಜೀನೋಮ್ ಇಂಡಿಯಾ ನೋಡಿ. 2020ರಲ್ಲಿ ಶುರು. ದೇಶದ ಬೇರೆ ಬೇರೆ ಸಮುದಾಯಗಳ 10,000 ಜನರ ಜೀನೋಮ್ ಓದುವುದು ಗುರಿ. ಐಐಎಸ್ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದಾಳು, ಒಟ್ಟು 20 ಸಂಸ್ಥೆ. ಒಬ್ಬರದ್ದೇ ಕಚ್ಚಾ ಫೈಲು ನೂರು ಜಿಬಿಯ ಹತ್ತಿರ ಬರುತ್ತದೆ, ಹತ್ತು ಸಾವಿರ ಜನರದ್ದು ಅಂದರೆ ಲೆಕ್ಕ ಹಾಕಿ. 2025ರ ಜನವರಿಯಲ್ಲಿ ಆ ಡೇಟಾ ಸಂಶೋಧಕರಿಗೆ ತೆರೆಯಿತು, ಅದಿರುವುದು ಫರೀದಾಬಾದಿನ ಭಾರತೀಯ ಜೈವಿಕ ಡೇಟಾ ಕೇಂದ್ರದಲ್ಲಿ. ರಕ್ತ ತೆಗೆಯುವವರು, ಟ್ಯೂಬಿಗೆ ಲೇಬಲ್ ಹಚ್ಚುವವರು, ಮೆಷಿನ್ ಓಡಿಸುವವರು, ಫೈಲ್ ಪರಿಶೀಲಿಸುವವರು, ಇಂಥ ಪ್ರಾಜೆಕ್ಟುಗಳಲ್ಲಿ ಇವರೆಲ್ಲರೂ ಬೇಕು. ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗಳು ಸಂಶೋಧನಾ ಸಂಸ್ಥೆಗಳ ಸೈಟಿನಲ್ಲಿ ಬರುತ್ತಲೇ ಇರುತ್ತವೆ. ಸಂಬಳ ಕಡಿಮೆ, ಕಲಿಯುವುದು ಬೆಟ್ಟದಷ್ಟು.

ಈಗ ನಿಮ್ಮ ಬೆಂಗಳೂರಿನ ಸಂಸ್ಥೆಗೆ ಬರೋಣ. ಅವರಿಗೆ ಫೋನ್ ಮಾಡಿ. ಮುಜುಗರ ಬೇಡ, 90 ಸಾವಿರ ಕೊಡುವವರು ನೀವು. ಲೈವ್ ಪ್ರಾಜೆಕ್ಟ್ ಅಂದರಲ್ಲ, ಯಾರ ಡೇಟಾ ಅಂತ ಕೇಳಿ. ಕಂಪನಿಯದ್ದೇ, ನಿಜವಾದ ರೋಗಿಗಳದ್ದು ಅಂದರೆ ಅಲ್ಲೇ ಎಚ್ಚರವಾಗಿ. ಔಷಧಿ ಪ್ರಯೋಗದ ಡೇಟಾವನ್ನು ಯಾವ ಕಂಪನಿಯೂ ಹೀಗೆ ಹೊರಗಿನ ಕೋಚಿಂಗ್ ಸೆಂಟರಿಗೆ ಪೆನ್ ಡ್ರೈವ್‌ನಲ್ಲಿ ಹಾಕಿ ಕೊಡುವುದಿಲ್ಲ, ರೋಗಿಯ ಗುಟ್ಟು ಅದು. ನಿಜವಾದ ಒಪ್ಪಂದ ಇದ್ದರೆ ಡೇಟಾ ಹೊರಗೆ ಬರಲ್ಲ, ನೀವೇ ಒಳಗೆ ಹೋಗುತ್ತೀರಿ. ಗುಟ್ಟು ಕಾಯುವ ಪತ್ರಕ್ಕೆ ಸಹಿ ಹಾಕಿಸುತ್ತಾರೆ, ಕುತ್ತಿಗೆಗೆ ಐಡಿ ಕಾರ್ಡ್ ಹಾಕುತ್ತಾರೆ, ಅವರ ಲ್ಯಾಪ್‌ಟಾಪ್ ಕೊಡುತ್ತಾರೆ, ಯುಎಸ್‌ಬಿ ಕೂಡ ಬಂದ್ ಆಗಿರುತ್ತದೆ.

ಹಾಗಾದರೆ ಈ ಲೈವ್ ಪ್ರಾಜೆಕ್ಟ್ ಏನು? ನನ್ನ ಹತ್ತಿರ ಬರುವ ರೆಸ್ಯೂಮುಗಳಲ್ಲಿ ಸ್ತನ ಕ್ಯಾನ್ಸರ್ ಪತ್ತೆ, ಲೈವ್ ಇಂಡಸ್ಟ್ರಿ ಪ್ರಾಜೆಕ್ಟ್ ಅಂತ ಮೇಲಿಂದ ಮೇಲೆ ಬರುತ್ತದೆ. ಎಷ್ಟು ರೋಗಿಗಳ ಡೇಟಾ ಇತ್ತಮ್ಮಾ ಅಂತ ಕೇಳುತ್ತೇನೆ. 569 ಮೇಡಂ. ಅಷ್ಟು ಸಾಕು ನನಗೆ. ಅದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತೊಂಬತ್ತರ ದಶಕದಲ್ಲಿ ಮಾಡಿದ ಪಟ್ಟಿ, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಅದರಲ್ಲಿ ಕಲಿಯುವುದು ತಪ್ಪಲ್ಲ, ನಾವೂ ಅದರಲ್ಲೇ ಕಲಿತೆವು. ಅದಕ್ಕೆ ಲೈವ್ ಅಂತ ಹೆಸರಿಟ್ಟು ದುಡ್ಡು ಕೀಳುವುದು ತಪ್ಪು. ಪಾಪ, ಆ ಮಗುವಿಗೂ ಅದು ಗೊತ್ತಿರುವುದಿಲ್ಲ.

ಪಾಠ ಮಾಡುವವರು ಯಾರು, ಅವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತಲೂ ಕೇಳಿ. ಪ್ಲೇಸ್‌ಮೆಂಟ್ ವಿಷಯದಲ್ಲಿ ಪರ್ಸೆಂಟ್ ಕೇಳಬೇಡಿ, ಹೋದ ಬ್ಯಾಚಿನ ಇಬ್ಬರ ಹತ್ತಿರ ಮಾತಾಡಬಹುದಾ ಅಂತ ಕೇಳಿ. ಅವರು ಸಿಕ್ಕರೆ, ಯಾವ ಕಂಪನಿ ಅನ್ನುವುದಕ್ಕಿಂತ, ಬೆಳಗ್ಗೆ ಆಫೀಸಿಗೆ ಹೋಗಿ ಮೊದಲು ಏನು ಮಾಡ್ತೀರಾ ಅಂತ ಕೇಳಿ. ದಿನವಿಡೀ ಫೋನಿನಲ್ಲಿ ಕೋರ್ಸ್ ಮಾರುವ ಕೆಲಸವನ್ನೂ ಪ್ಲೇಸ್‌ಮೆಂಟ್ ಅಂತ ಲೆಕ್ಕ ಹಾಕಿದ್ದನ್ನು ನೋಡಿದ್ದೇನೆ. ಇನ್ನು ಫೀಸು ಕಂತಿನಲ್ಲಿ ಕೊಡ್ತೀನಿ, ಕೊನೆಯ ಕಂತು ಇಂಟರ್ನ್‌ಶಿಪ್ ಪತ್ರ ಕೈಗೆ ಬಂದಮೇಲೆ ಅನ್ನಿ. ಒಪ್ಪಿದರೆ ಸಂತೋಷ. ಇವತ್ತೇ ಕಟ್ಟಿದರೆ ಇಪ್ಪತ್ತು ಸಾವಿರ ಡಿಸ್ಕೌಂಟ್ ಅಂದರೆ ಸುಮ್ನೆ ಫೋನ್ ಇಟ್ಟುಬಿಡಿ.

ಈ ನಡುವೆ ನೀವು ಕೈಕಟ್ಟಿ ಕೂರುವುದು ಬೇಡ. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ಸೈಟಿನಲ್ಲಿ ಐಐಟಿ, ಐಐಎಸ್ಸಿ ಮೇಷ್ಟ್ರುಗಳ ಪಾಠ ಪುಕ್ಕಟೆ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಫೀಸು, ಅದೂ ಸಾವಿರದ ಲೆಕ್ಕ, ಲಕ್ಷದ್ದಲ್ಲ. ಮೊದಲು ಸಂಖ್ಯಾಶಾಸ್ತ್ರದ ಬುನಾದಿ ಕೋರ್ಸ್ ಒಂದು, ಜೊತೆಗೆ ಪೈಥಾನ್ ಅಥವಾ ಆರ್, ಯಾವುದಾದರೂ ಒಂದು ಕೋಡಿಂಗ್ ಭಾಷೆ. ಯಾವುದು ಒಳ್ಳೆಯದು ಅಂತ ಜಗಳ ಆಡುವವರ ಕಡೆ ತಿರುಗಿ ನೋಡಬೇಡಿ. ಗಣಿತದ ಭಯ ಬಿಡಿ. ಸರಾಸರಿ, ಹರಡುವಿಕೆ, ಸಂಭವನೀಯತೆ, ಇವು ಹೊಟ್ಟೆಗೆ ಇಳಿದರೆ ಮೊದಲ ಎರಡು ವರ್ಷದ ಕೆಲಸ ನಡೆಯುತ್ತದೆ. ಇಂಟಿಗ್ರೇಷನ್ ನಾನು ಕೊನೆಯ ಸಲ ಮಾಡಿದ್ದು ಪಿಯುಸಿಯಲ್ಲಿ. ದೀರ್ಘವಾಗಿ ಕಲಿಯುವ ಮನಸ್ಸಿದ್ದರೆ ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಇದೆ, 2020ರಲ್ಲಿ ಶುರುವಾದದ್ದು. ಜೆಇಇ ಬೇಕಿಲ್ಲ, ಅವರದೇ ಅರ್ಹತಾ ಪರೀಕ್ಷೆ ಪಾಸಾದರೆ ಸಾಕು. ವರಮಾನ ಕಡಿಮೆ ಇರುವ ಮನೆಯವರಿಗೆ ಫೀಸಿನಲ್ಲಿ ರಿಯಾಯಿತಿಯೂ ಇದೆ.

ಲ್ಯಾಪ್‌ಟಾಪ್ ಹಳೆಯದು ಅಂತ ಚಿಂತೆ ಬೇಡ. ಗ್ಯಾಲಕ್ಸಿ ಅಂತ ಒಂದಿದೆ, ಮೊಬೈಲಿನದ್ದಲ್ಲ. ಬ್ರೌಸರಿನಲ್ಲೇ ಜೀನೋಮ್ ಡೇಟಾ ಹಾಕಿ ಕೆಲಸ ಮಾಡಬಹುದು, ಲೆಕ್ಕವೆಲ್ಲ ಅವರ ಸರ್ವರಿನಲ್ಲಿ ನಡೆಯುತ್ತದೆ, ದುಡ್ಡಿಲ್ಲ. ಅದರಲ್ಲಿ ಫಾಸ್ಟ್‌ಕ್ಯೂ ಫೈಲ್ ಒಂದನ್ನು ತೆಗೆದು ಕಣ್ಣಾರೆ ನೋಡಿ. ನಾಲ್ಕು ನಾಲ್ಕು ಸಾಲಿನ ಗುಂಪು: ಹೆಸರು, ಎ-ಸಿ-ಜಿ-ಟಿ ಅಕ್ಷರಗಳು, ಒಂದು ಪ್ಲಸ್ ಗುರುತು, ಆಮೇಲೆ ಮಂತ್ರದಂಥ ಚಿಹ್ನೆಗಳ ಸಾಲು. ಆ ಕೊನೆಯ ಸಾಲು ಡಿಎನ್‌ಎ ಓದಿದ ಮೆಷಿನ್‌ಗೆ ಪ್ರತಿ ಅಕ್ಷರದ ಮೇಲೆ ಎಷ್ಟು ನಂಬಿಕೆ ಇದೆ ಅಂತ ಹೇಳುತ್ತದೆ. ಪ್ರತಿ ಚಿಹ್ನೆಯ ಹಿಂದೆ ಒಂದು ಅಂಕ ಇರುತ್ತದೆ: 30 ಅಂದರೆ ಸಾವಿರಕ್ಕೆ ಒಂದು ತಪ್ಪಿರಬಹುದು, 20 ಅಂದರೆ ನೂರಕ್ಕೆ ಒಂದು. ಇಂಟರ್‌ವ್ಯೂನಲ್ಲಿ ಇದನ್ನು ನಿಮ್ಮ ಮಾತಿನಲ್ಲಿ ಹೇಳಿದರೆ ನಾನು ಪೆನ್ ಕೆಳಗಿಟ್ಟು ಕೇಳುತ್ತೇನೆ.

ಔಷಧಿ ಪ್ರಯೋಗದ ಕಡೆ ಇಷ್ಟವಾದರೆ ದಾರಿ ಬೇರೆ. ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆ ಕೊಡುವ ಎಫ್‌ಡಿಎ 2016ರ ಡಿಸೆಂಬರ್ ನಡುವಿನಿಂದ ಶುರುವಾದ ಪ್ರಯೋಗಗಳ ಡೇಟಾ ಸಿಡಿಸ್ಕ್ ಅನ್ನುವ ನಮೂನೆಯಲ್ಲೇ ಬರಬೇಕು ಅನ್ನುತ್ತದೆ. ಆ ನಮೂನೆಗೆ ಟೇಬಲ್ ಕೂರಿಸುವ ಕೆಲಸ ಬೆಂಗಳೂರಿನಲ್ಲಿ ದಂಡಿಯಾಗಿ ನಡೆಯುತ್ತದೆ. ಅದಕ್ಕೆ ಸ್ಯಾಸ್ ಅನ್ನುವ ಸಾಫ್ಟ್‌ವೇರ್ ಬರಬೇಕು, ಕಲಿಯುವವರಿಗೆ ಅದರ ಆನ್‌ಲೈನ್ ಆವೃತ್ತಿ ಉಚಿತ. ಕೆಲಸ ಸ್ವಲ್ಪ ಬೋರು, ಸುಳ್ಳು ಯಾಕೆ ಹೇಳಲಿ. ಆದರೆ ಬಿಎಸ್ಸಿ ಹುಡುಗಿಯರು ಕೈಹಿಡಿದು ಮೇಲೆ ಬಂದಿದ್ದನ್ನು ನಾನು ಜಾಸ್ತಿ ನೋಡಿರುವುದು ಅಲ್ಲೇ.

ಎಂಎಸ್ಸಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಂಶೋಧನೆ, ಜೀನೋಮ್ ಕಡೆ ಹೋಗಬೇಕು ಅಂತಿದ್ದರೆ ಮಾಡಿ, ಅಲ್ಲಿ ಬಿಎಸ್ಸಿ ಸಾಲದು. ಸೇರುವ ಮುಂಚೆ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅಂತ ಆ ವಿಭಾಗದ ಸೀನಿಯರ್‌ಗಳನ್ನು ಕೇಳಿ. ಕಂಪನಿಯ ಕೆಲಸ ಬೇಗ ಬೇಕು, ಮನೆಗೆ ಆಸರೆ ಆಗಬೇಕು ಅಂತಿದ್ದರೆ ಅಪ್ರೆಂಟಿಸ್ ಅಥವಾ ಬೈಸೆಪ್ ಮೊದಲು, ಎಂಎಸ್ಸಿ ಆಮೇಲೂ ಮಾಡಬಹುದು.

ಈ ವಾರ ಆ ಸಂಸ್ಥೆಗೆ ಫೋನ್ ಮಾಡಿ, 569ರ ಪ್ರಶ್ನೆಯನ್ನೂ ಕೇಳಿ. ಏನಂದರು ಅಂತ ನನಗೆ ಬರೆಯಿರಿ, ಅಪ್ಪ ಚೀಟಿ ಕೂಗುವ ಮುಂಚೆ.